ಮುಂಬಯಿಯ ದಿನ, ಬೆಂಗಳೂರಿನ ದಿನ

ಕೆಲವು ದಿನಗಳ ಹಿಂದೆ ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು ಮನೆಗೆ ಬಂದಿದ್ದರು. ಅವರ ಮಗನಿಗೆ ಒಂದೇ ವಾರದಲ್ಲಿ ಎರಡು ಕಡೆಯಿಂದ ಕೆಲಸದ ಕರೆ ಬಂದಿದೆ: ಒಂದು ಮುಂಬಯಿಯಿಂದ, ಇನ್ನೊಂದು ಬೆಂಗಳೂರಿನಿಂದ. “ರಾಯರೇ, ನೀವು ಎರಡೂ ಊರಿನ ಅನ್ನ ಉಂಡವರು. ಯಾವುದು ವಾಸಿ, ಹೇಳಿ” ಎಂದರು. ಸಂಬಳ, ಬಾಡಿಗೆ, ಅಕ್ಕಿಬೇಳೆಯ ಬೆಲೆ ಎಲ್ಲವನ್ನೂ ಕಾಗದದಲ್ಲಿ ಬರೆದುಕೊಂಡೇ ಬಂದಿದ್ದರು. ಆದರೆ ಆ ಪಟ್ಟಿಯಲ್ಲಿ ಎರಡು ಬಾಬುಗಳು ಬಿಟ್ಟುಹೋಗಿದ್ದವು. ಒಂದು ಹೊತ್ತು, ಇನ್ನೊಂದು ನೀರು. ದೊಡ್ಡ ಊರಿನಲ್ಲಿ ಸಂಸಾರದ ನೆಮ್ಮದಿ ಬಹುಮಟ್ಟಿಗೆ ಇವೆರಡನ್ನು ಅವಲಂಬಿಸಿದೆ. ಇವೆರಡಾದರೋ ಊರು ನಿಂತ ನೆಲವನ್ನು ಅವಲಂಬಿಸಿವೆ.

ಮುಂಬಯಿ ಸಮುದ್ರದ ನಡುವೆ ಉತ್ತರ ದಕ್ಷಿಣವಾಗಿ ಚಾಚಿಕೊಂಡ ಊರು. ಅಗಲಕ್ಕೆ ಬೆಳೆಯಲು ಎಡೆಯಿಲ್ಲ; ಉದ್ದಕ್ಕೆ ಬೆಳೆಯಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತು. ಅಂದಿನಿಂದ ಊರು ಹಳಿಯ ಗುಂಟ ಹಬ್ಬಿತು. ಅಲ್ಲಿಯವರು “ಎಂಟು ಹನ್ನೆರಡರ ಗಾಡಿ” ಎನ್ನುತ್ತಾರೆ, ಎಂಟೂಕಾಲರ ಗಾಡಿ ಎನ್ನುವುದಿಲ್ಲ. ಮನೆ ದೂರವಾದರೂ ಎಷ್ಟು ಹೊತ್ತಿಗೆ ಕಚೇರಿ ಸೇರುತ್ತೇವೆಂಬುದು ಸಾಮಾನ್ಯವಾಗಿ ಗೊತ್ತು. ಆ ನೂಕುನುಗ್ಗಲಿನಲ್ಲಿ ಊಟದ ಡಬ್ಬಿ ಹೊತ್ತೊಯ್ಯುವುದು ಕಷ್ಟ; ಬೆಳಗಿನ ಗಾಡಿಗೆ ಮೊದಲೇ ಅಡುಗೆ ಮುಗಿಸುವುದೂ ಕಷ್ಟ. ಡಬ್ಬಾವಾಲರ ಕಸುಬು ಒಂದು ಶತಮಾನಕ್ಕೂ ಮೀರಿ ಉಳಿದುಬಂದದ್ದು ಈ ಕಾರಣದಿಂದ. ಮನೆಯೂಟ ಒಂದು ಗಾಡಿ ಹಿಂದೆ ಬರುತ್ತದೆ!

ಆದರೆ ಈ ಕ್ರಮಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಹಳಿ ದಾಟುವಾಗ, ಬಾಗಿಲಲ್ಲಿ ಜೋತುಬಿದ್ದು ಹೋಗುವಾಗ, 2023ನೆಯ ಒಂದು ವರ್ಷದಲ್ಲೇ ಸಾವಿರಕ್ಕೂ ಹೆಚ್ಚು ಜನ ಸತ್ತರು. ಮಳೆ ಹಿಡಿದರೆ ಇಡೀ ದಿನಚರಿಯೇ ಕುಸಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಬೆಳಗ್ಗೆ ಹೊರಟವರು ಎಷ್ಟೋ ಮಂದಿ ಮರುದಿನ ಮನೆ ಕಂಡರು. ಬೆಂಗಳೂರಿಗೆ ಒಂದು ವರ್ಷದಲ್ಲಿ ಬೀಳುವ ಮಳೆ ಹೆಚ್ಚುಕಡಿಮೆ ಅಷ್ಟೇ.

ಬೆಂಗಳೂರಿನ ನೆಲದ ಮಾತೇ ಬೇರೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬಯಲು ಅದು. ಮುಂಬಯಿಯಷ್ಟು ಸೆಕೆಯಿಲ್ಲ, ಬೆವರಿಲ್ಲ. ತಡೆಯುವ ಸಮುದ್ರವಿಲ್ಲದುದರಿಂದ ಊರು ಮೈಸೂರು, ತುಮಕೂರು, ಬಳ್ಳಾರಿ, ಹೊಸೂರು ರಸ್ತೆಗಳನ್ನು ಹಿಡಿದು ಎಲ್ಲ ದಿಕ್ಕಿಗೂ ಹರಡಿತು. ಮನೆ ಪಶ್ಚಿಮದಲ್ಲಿ, ಕೆಲಸ ಪೂರ್ವದ ವೈಟ್‌ಫೀಲ್ಡಿನಲ್ಲಿ. ನೆರೆಮನೆಯವರದು ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಎಲ್ಲರ ದಾರಿಯೂ ಒಂದನ್ನೊಂದು ಕತ್ತರಿಸುತ್ತದೆ. ಆದುದರಿಂದ ಅಲ್ಲಿ ದೂರವನ್ನು ಮೈಲಿಯಲ್ಲಿ ಹೇಳುವವರಿಲ್ಲ, ಗಂಟೆಯಲ್ಲಿ ಹೇಳುತ್ತಾರೆ; ಆ ಗಂಟೆಯೂ ದಿನಕ್ಕೊಂದು ಬಗೆ. 2011ರಲ್ಲಿ ಓಡತೊಡಗಿದ ಮೆಟ್ರೋ 2023ರಲ್ಲಿ ವೈಟ್‌ಫೀಲ್ಡನ್ನು ಮುಟ್ಟಿತು. ಆ ಮಾರ್ಗದ ಬಳಿ ಇರುವವರಿಗೆ ಹೊತ್ತಿನ ಲೆಕ್ಕ ಮರಳಿ ಕೈಗೆ ಬಂದಿದೆ.

ಇನ್ನು ನೀರು. ಮುಂಬಯಿಯ ಕೆರೆಗಳು ಊರಿಗಿಂತ ಎತ್ತರದಲ್ಲಿವೆ. 1892ರಲ್ಲಿ ಆರಂಭವಾದ ತಾನ್ಸಾ ಯೋಜನೆಯ ನೀರು ದೊಡ್ಡ ಕೊಳವೆಗಳಲ್ಲಿ ತಾನಾಗಿಯೇ ಇಳಿದುಬರುತ್ತದೆ. ಮುಂದೆ ಸೇರಿದ ಭಾತ್ಸಾದ ನೀರನ್ನು ಮಾತ್ರ ಎತ್ತಬೇಕು. ಬಹಳ ಕಡೆ ನಲ್ಲಿ ಬರುವುದು ದಿನಕ್ಕೆ ಕೆಲವೇ ಗಂಟೆ. ಅದಕ್ಕಾಗಿ ಗೃಹಿಣಿ ಎದ್ದು ಕಾಯಬೇಕು, ನಿಜ. ಆದರೆ ಬರುವ ಹೊತ್ತು ಗೊತ್ತಿರುತ್ತದೆ.

ಬೆಂಗಳೂರಿನ ಕಾವೇರಿ ನೀರು ಗುಡ್ಡ ಹತ್ತಬೇಕು. 1974ರಿಂದ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಮೂರು ಹಂತಗಳಲ್ಲಿ ಪಂಪು ಮಾಡಿ ಅದನ್ನು ಏರಿಸುತ್ತಾರೆ. ನಾವು ತಂಬಿಗೆ ನೀರು ಚೆಲ್ಲಿದರೆ ವಿದ್ಯುತ್ತನ್ನೂ ಚೆಲ್ಲಿದಂತೆ. ಕಾವೇರಿ ಮುಟ್ಟದ ಹೊರ ಬಡಾವಣೆಗಳು ಕೊಳವೆಬಾವಿಯನ್ನು ನಂಬಿದ್ದವು. 2023ರಲ್ಲಿ ಮಳೆ ಕೈಕೊಟ್ಟು, 2024ರ ಬೇಸಗೆಯಲ್ಲಿ ಬಾವಿಗಳು ಬತ್ತಿದಾಗ, ಒಳ್ಳೆಯ ಸಂಬಳದವರೂ ಟ್ಯಾಂಕರಿನ ದಾರಿ ಕಾದರು. ಅದೇ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಹೊರವಲಯದ 110 ಹಳ್ಳಿಗಳಿಗೆಂದು ಆರಂಭವಾಯಿತು.

ಮೇಷ್ಟರಿಗೆ ಇಷ್ಟನ್ನೂ ಹೇಳಿ, “ಯಾವ ಊರು ವಾಸಿ ಎಂದು ಕೇಳಬೇಡಿ, ಊರಿನ ಯಾವ ಮನೆ ವಾಸಿ ಎಂದು ಕೇಳಿ” ಎಂದೆ. ಮುಂಬಯಿಯಾದರೆ ಸ್ಟೇಷನ್ನಿಗೆ ನಡೆದು ಎಷ್ಟು ನಿಮಿಷ, ಕಚೇರಿಯೂ ಅದೇ ಮಾರ್ಗದಲ್ಲಿದೆಯೇ? ಮಳೆಗಾಲದಲ್ಲಿ ಬೀದಿಯಲ್ಲಿ ನೀರು ನಿಲ್ಲುತ್ತದೆಯೇ? ಬೆಂಗಳೂರಾದರೆ ಮೆಟ್ರೋ ಹತ್ತಿರವೇ? ಕಾವೇರಿ ಸಂಪರ್ಕವಿದೆಯೇ, ವಾರದಲ್ಲಿ ಎಷ್ಟು ದಿನ ನೀರು? ಇದನ್ನು ಮನೆಯ ಯಜಮಾನರಿಗಿಂತ ಪಕ್ಕದ ಮನೆಯ ಗೃಹಿಣಿಯನ್ನು ಕೇಳುವುದು ಲೇಸು.

ಬಾಡಿಗೆಯಲ್ಲಿ ಉಳಿದ ಎರಡು ಸಾವಿರ ರೂಪಾಯಿ ಕಣ್ಣಿಗೆ ಕಾಣುತ್ತದೆ. ದಿನಕ್ಕೆ ಎರಡು ಗಂಟೆ ದಾರಿಯಲ್ಲಿ ಕಳೆದರೆ, ತಿಂಗಳಿಗೆ 25 ಕೆಲಸದ ದಿನಗಳಂತೆ, ವರ್ಷಕ್ಕೆ 600 ಗಂಟೆ. ಎಂದರೆ 25 ಹಗಲು, 25 ರಾತ್ರಿ. ಅದು ಯಾರ ಲೆಕ್ಕದ ಪುಸ್ತಕದಲ್ಲೂ ಇರುವುದಿಲ್ಲ. ಮಗು ನಿದ್ದೆಹೋದ ಮೇಲೆ ಮನೆ ಸೇರುವ ತಂದೆತಾಯಿಗಳಿಗೆ ಮಾತ್ರ ಗೊತ್ತು.

ಮೇಷ್ಟರು ಪೆನ್ಸಿಲು ಕೇಳಿ ಪಡೆದು, ತಮ್ಮ ಪಟ್ಟಿಯ ಕೆಳಗೆ ಎರಡು ಸಾಲು ಬರೆದುಕೊಂಡರು.