ಒಂದೇ ತಂತಿಯಲ್ಲಿ ಹಲವು ಗಣಕಗಳು

ಒಂದೇ ತಂತಿಯನ್ನು ಹತ್ತಾರು ಗಣಕಯಂತ್ರಗಳು ಹ್ಯಾಗೆ ಹಂಚಿಕೊಳ್ಳುವವೆಂದು ಹಿರಿಯಡ್ಕದ ಪೋಷಕರು ನಮ್ಮನ್ನು ಕೇಳುವದುಂಟು. ೧೯೭೩ರಲ್ಲಿ ಅಮೆರಿಕೆಯ ಝೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬವರು ರೂಪಿಸತೊಡಗಿದ ಈಥರ್ನೆಟ್ಟಿನಲ್ಲಿ ಮೇಲ್ವಿಚಾರಕರೇ ಇರಲಿಲ್ಲ. ಪ್ರತಿಯೊಂದು ಗಣಕವೂ ಮೊದಲು ಕಿವಿಗೊಟ್ಟು, ತಂತಿಯು ಮೌನವಾಗಿದ್ದರೆ ಮಾತ್ರ ಮಾತಾಡತಕ್ಕದ್ದು. ಎರಡು ಒಮ್ಮೆಲೇ ಮಾತೆತ್ತಿದರೆ ಎರಡೂ ನಿಂತು, ಚೀಟಿಯೆತ್ತಿ, ಅದರಲ್ಲಿ ಬಂದಷ್ಟು ಹೊತ್ತು ಕಾಯುತ್ತಿದ್ದವು. ಪುನಃ ಡಿಕ್ಕಿಯಾದರೆ ಚೀಟಿಗಳು ಇಮ್ಮಡಿ: ಎರಡು, ನಾಲ್ಕು, ಎಂಟು, ಹೀಗೆ ೧೦೨೪ರ ವರೆಗೆ. ೧೬ ಸಲ ಸೋತದ್ದು ಆ ಪ್ರಯತ್ನವನ್ನೇ ಬಿಡುತ್ತಿತ್ತು.

ಆದರೆ ಇದರಲ್ಲೊಂದು ಅನ್ಯಾಯವಡಗಿತ್ತು. ಗೆದ್ದ ಗಣಕದ ಲೆಕ್ಕವು ಸೊನ್ನೆಗಿಳಿಯುವದು, ಸೋತದ್ದರದು ಬೆಳೆಯುವದು. ಆದುದರಿಂದ ಗೆದ್ದದ್ದೇ ಮತ್ತೆ ಗೆಲ್ಲುವ ಸಂಭವ ಹೆಚ್ಚು. ಮೊದಲು ಕೈಯೆತ್ತಿದವಳೇ ಪಾಠದ ಹೊತ್ತನ್ನೆಲ್ಲ ನುಂಗುವದನ್ನು ಕಂಡ ನಮಗೆ ಇದು ಹೊಸತಲ್ಲ. ಈಗ ಸ್ವಿಚ್ಚೆಂಬ ಪೆಟ್ಟಿಗೆಯು ಒಂದೊಂದಕ್ಕೂ ಪ್ರತ್ಯೇಕ ತಂತಿಯನ್ನು ಕೊಡುವದರಿಂದ ಡಿಕ್ಕಿಯಿಲ್ಲ. ಕಾಯುವ ಸಾಲು ಪೆಟ್ಟಿಗೆಯೊಳಗೆ ಸೇರಿದೆ.