ಸ್ಕ್ಯಾನ್ ವರದಿ ಅಂಕಪಟ್ಟಿಯಲ್ಲ

‘ಸ್ಕೋರ್ ಎಷ್ಟ್ ಬಂತ್ರೀ?’ 2021ರ ಕೊರೊನಾ ಎರಡನೇ ಅಲೆಯಲ್ಲಿ ಕಲಘಟಗಿಯಿಂದ ಹುಬ್ಬಳ್ಳಿಗೆ ಹೋಗಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ ಬಂದವರಿಗೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ ಇದು. ವರದಿಯಲ್ಲಿ 25ಕ್ಕೆ ಇಷ್ಟು ಎಂದು ಬರೆದಿರುತ್ತಿತ್ತು.

ಏನದು ಲೆಕ್ಕ? ಶ್ವಾಸಕೋಶದಲ್ಲಿ ಬಲಕ್ಕೆ ಮೂರು, ಎಡಕ್ಕೆ ಎರಡು ಭಾಗಗಳಿವೆ. ಒಂದೊಂದರಲ್ಲೂ ಸೋಂಕು ಎಷ್ಟು ಹಬ್ಬಿದೆಯೆಂದು ನೋಡಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಅದು ಆ ದಿನದ ಚಿತ್ರವಷ್ಟೇ. ಮಸುಕು ಗಾಜಿನಂತೆ ಕಾಣುವ ಕಲೆಗಳು ಹೆಚ್ಚಿನವರಲ್ಲಿ ವಾರ, ತಿಂಗಳುಗಳಲ್ಲಿ ಕರಗುತ್ತವೆ. ಕೆಲವರಲ್ಲಿ ಮಾತ್ರ ಗಾಯದ ಗುರುತಿನಂತೆ ಉಳಿದುಬಿಡುತ್ತವೆ.

ಮತ್ತೆ ಸ್ಕ್ಯಾನ್ ಯಾವಾಗ? ಚೇತರಿಸಿಕೊಳ್ಳುತ್ತಿದ್ದರೆ ಅವಸರ ಬೇಡ. ತೀವ್ರ ಕೋವಿಡ್ ನ್ಯುಮೋನಿಯಾ ಆದವರಿಗೆ ಸಾಮಾನ್ಯವಾಗಿ 12 ವಾರದ ಹೊತ್ತಿಗೆ ಮೊದಲು ಎಕ್ಸ್‌ರೇ. ಅದರಲ್ಲಿ ಕಲೆ ಉಳಿದಿದ್ದರೆ, ಇಲ್ಲವೇ ಏದುಸಿರು ನಿಲ್ಲದಿದ್ದರೆ ವೈದ್ಯರು ಸಿಟಿ ಹೇಳುತ್ತಾರೆ. ಎಕ್ಸ್‌ರೇಗಿಂತ ಸಿಟಿಯಲ್ಲಿ ವಿಕಿರಣ ಹತ್ತಾರು ಪಟ್ಟು ಹೆಚ್ಚು. ಗರ್ಭಿಣಿಯಾಗಿದ್ದರೆ, ಆ ಅನುಮಾನವಿದ್ದರೂ ಸರಿ, ಮೊದಲೇ ಹೇಳಿಬಿಡಿ.

ಮನೆಯವರ ಫೈಲನ್ನು ಜೋಪಾನ ಮಾಡುವ ನಾವು ನಮ್ಮ ಏದುಸಿರಿಗೆ ಮಾತ್ರ ‘ನಿಶ್ಶಕ್ತಿ’ ಅಂತ ಹೆಸರಿಟ್ಟು ಸುಮ್ಮನಾಗುತ್ತೇವೆ. ಹಾಗೆ ಮಾಡಬೇಡಿ. ರೊಟ್ಟಿ ಬಡಿಯುವಾಗ, ಕೊಡ ಎತ್ತುವಾಗ ಮೊದಲಿಗಿಂತ ಹೆಚ್ಚು ಉಸಿರು ಕಟ್ಟಿದರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ 12 ವಾರ ಕಾಯಬೇಡಿ, ಕೂಡಲೇ ವೈದ್ಯರನ್ನು ಕಾಣಿ. ಹೋಗುವಾಗ ಹಳೆಯ ಫಿಲ್ಮ್ ಜೊತೆಗಿರಲಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರಷ್ಟೇ ಕಲೆ ಕರಗಿತೋ, ಉಳಿಯಿತೋ ಗೊತ್ತಾಗುವುದು.