ಗೋಡೆಯ ಮೇಲಣ ಹಳೆಯ ತಂತಿಗಳು

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದದ್ದು 1902ನೆಯ ಇಸವಿಯಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದ್ದು 1905ರಲ್ಲಿ. ಅಂದಿನಿಂದ ನಮ್ಮ ಪಟ್ಟಣಗಳ ಮನೆಗಳಿಗೆ ತಂತಿಯೆಳೆಯುವ ಕಾರ್ಯವು ತಲೆಮಾರುಗಳಿಂದ ನಡೆದುಬಂದಿದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ, ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ಪರೀಕ್ಷಿಸುವ ಗೃಹಸ್ಥರು, ಅಜ್ಜನ ಕಾಲದ ತಂತಿಗೂ ಮುಪ್ಪುಂಟೆಂಬುದನ್ನು ಮರೆತಿರುವುದು ವ್ಯಸನಕರವಾದ ಸಂಗತಿ.

ಮರದ ಪಟ್ಟಿಗಳ ಮೇಲೆ ಎಳೆದ ಹಳೆಯ ತಂತಿಗಳಿಗೆ ರಬ್ಬರಿನ ಹೊದಿಕೆಯೂ ಅದರ ಮೇಲೆ ನೂಲಿನ ಹೆಣಿಗೆಯೂ ಇರುತ್ತಿದ್ದವು. ಒಳಗಿನ ತಾಮ್ರವು ಬಹುಕಾಲ ಕೆಡದು. ಆದರೆ ರಬ್ಬರು ದಶಕಗಳಲ್ಲಿ ಒಣಗಿ, ಬಾಗಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಅಂತಹ ತಂತಿಗೆ ಬೇರೆ ಲಕ್ಷಣಗಳನ್ನು ಕಾಯಬೇಕಾಗಿಲ್ಲ. ಅದನ್ನು ತೆಗೆಸತಕ್ಕದ್ದೇ ಸರಿ.

ಇನ್ನು ಫ್ಯೂಸಿನ ವಿಚಾರ. ಎರಡು ದೀಪ, ಒಂದು ಪಂಖಕ್ಕೆಂದು ಎಳೆದ ತಂತಿಯ ಮೇಲೆ ಇಂದು ಇಸ್ತ್ರಿಪೆಟ್ಟಿಗೆ, ಗೀಸರುಗಳ ಭಾರವು ಬಿದ್ದಿದೆ. 230 ವೋಲ್ಟಿನಲ್ಲಿ 2000 ವಾಟಿನ ಗೀಸರೊಂದೇ ಸುಮಾರು 9 ಆಂಪಿಯರನ್ನು ಎಳೆಯುತ್ತದೆ. ಹಳೆಯ ಸಾಕೆಟ್ಟುಗಳಾದರೋ ಬಹುಮಟ್ಟಿಗೆ 5 ಆಂಪಿಯರಿನವು. ಪ್ರವಾಹವು ಇಮ್ಮಡಿಯಾದರೆ ತಂತಿಯ ಕಾವು ನಾಲ್ಮಡಿಯಾಗುತ್ತದೆ. ಆಗ ಫ್ಯೂಸು ಕರಗಿ ಮನೆಯನ್ನು ಕಾಯುತ್ತದೆ. ನಾವಾದರೋ ಅದನ್ನು ಉಪಕಾರವೆಂದು ಬಗೆಯದೆ ಉಪದ್ರವವೆನ್ನುತ್ತೇವೆ. ನಮ್ಮ ಮನೆಯಲ್ಲಿಯೇ ಪದೇಪದೇ ಫ್ಯೂಸು ಹೋಗುತ್ತಿದ್ದಾಗ ದಪ್ಪ ತಂತಿಯನ್ನು ಸುತ್ತಿ, ಜಾಣತನ ಮಾಡಿದೆವೆಂದು ಹಿಗ್ಗಿದ್ದುಂಟು. ಫ್ಯೂಸು ಹೋಗುವುದು ನಿಂತಿತು. ಕೆಲವು ತಿಂಗಳಲ್ಲಿ ಸ್ನಾನದಮನೆಯ ಹೊರಗಿನ ಸ್ವಿಚ್ಚಿನ ಹಲಗೆ ಕಪ್ಪಾಯಿತು. ಬೆಂಕಿಯೇಳದಿದ್ದದ್ದು ದೈವಾನುಗ್ರಹವೇ ಹೊರತು ನಮ್ಮ ಬುದ್ಧಿವಂತಿಕೆಯಲ್ಲ.

ಗೀಸರು ಹಚ್ಚಿದೊಡನೆ ದೀಪಗಳು ಮಂಕಾಗುವುದೂ ಒಂದು ಸೂಚನೆ. ನೆರೆಮನೆಯಲ್ಲಿಯೂ ಮಂಕಾದರೆ ದೋಷವು ಬೀದಿಯದು. ನಿಮ್ಮಲ್ಲಿ ಮಾತ್ರವಾದರೆ ನಿಮ್ಮ ತಂತಿಯದು. ಸ್ವಿಚ್ಚು ಬೆಚ್ಚಗಾಗಿದ್ದರೆ, ಸುಟ್ಟ ವಾಸನೆ ಬಂದರೆ, ನಲ್ಲಿಯನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ನಾಳೆಗೆಂದು ಬಿಡಬಾರದು. ಆ ಕ್ಷಣವೇ ಮೇನ್ ಸ್ವಿಚ್ಚನ್ನು ಆರಿಸಿ, ಪರವಾನಗಿಯುಳ್ಳ ಕುಶಲನನ್ನು ಕರೆಸತಕ್ಕದ್ದು. ಆತನು ಮೆಗ್ಗರೆಂಬ ಯಂತ್ರದಿಂದ ತಂತಿಗೂ ಭೂಮಿಗೂ ನಡುವಣ ತಡೆಯನ್ನು ಅಳೆಯುವನು. ಅದು 1 ಮೆಗೋಮಿಗಿಂತ ಕೆಳಗಿಳಿದಿದ್ದರೆ, ಆ ದೋಷವು ಎಲ್ಲಿಯದೆಂದು ಹುಡುಕಿ ತೆಗೆಸುವವರೆಗೂ ಆ ತಂತಿಯನ್ನು ನಂಬುವಂತಿಲ್ಲ.

ಹೊಸದಾಗಿ ಎಳೆಸುವವರು ಎಂ.ಸಿ.ಬಿ.ಯೊಂದರಿಂದಲೇ ತೃಪ್ತರಾಗಬಾರದು. ಅದು ತಂತಿಯನ್ನು ಕಾಯುವುದು, ಮನುಷ್ಯನನ್ನಲ್ಲ. ದೇಹದ ಮೂಲಕ ಸೋರುವ ಅಲ್ಪಪ್ರವಾಹಕ್ಕೂ ಸಂಪರ್ಕವನ್ನು ಕಡಿಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಪ್ರತ್ಯೇಕವಾಗಿ ಬೇಕು. ಗೀಸರಿಗೆ ಬೇರೆಯೇ ತಂತಿ, ಪ್ರತಿಯೊಂದು ಸಾಕೆಟ್ಟಿಗೂ ಅರ್ತಿಂಗಿನ ಹಸಿರು ತಂತಿ ಇರತಕ್ಕದ್ದು. ಖರ್ಚು ಉಳಿಸಲು ಆ ಹಸಿರು ತಂತಿಯನ್ನು ಬಿಡೋಣವೆನ್ನುವ ಗುತ್ತಿಗೆದಾರನನ್ನು ಹೊಸ್ತಿಲಿನಿಂದಲೇ ಹಿಂದಿರುಗಿಸುವುದು ಒಳಿತು.